ಚಳಿಗಾಲದಲ್ಲಿ ಫ್ರಾನ್ಸಿನ ಹಳ್ಳಿಗಳನ್ನು ಮೋಟಾರ್‌ಹೋಮ್‌ನಲ್ಲಿ ಸುತ್ತುವುದು ಹೇಗೆ?

ಜುಲೈನಲ್ಲಿ ಫ್ರಾನ್ಸಿನ ದೊರ್ದೋನ್ ಕಣಿವೆಗೆ ಮೋಟಾರ್‌ಹೋಮ್‌ನಲ್ಲಿ, ಅಂದರೆ ಅಡುಗೆ, ಮಲಗುವ ವ್ಯವಸ್ಥೆ ಒಳಗೇ ಇರುವ ಗಾಡಿಯಲ್ಲಿ, ಹೋದರೆ ಅದನ್ನು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ಡಿಸೆಂಬರ್‌ನಲ್ಲಿ ಅದೇ ಬೀದಿಗಳು ಖಾಲಿ. ಆದರೆ ಅರ್ಧಕ್ಕರ್ಧ ಅಂಗಡಿಗಳೂ ಬಾಗಿಲು ಹಾಕಿರುತ್ತವೆ. ಹಾಗಾಗಿ ದಿನಕ್ಕೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಬಿಡಿ. ಯಾವ ಊರಲ್ಲಿ ಯಾವತ್ತು ಏನು ತೆರೆದಿರುತ್ತದೆ ಎಂದು ನೋಡಿ ದಾರಿ ಹಾಕಿಕೊಳ್ಳಿ.

ಮೊದಲು ಗಾಡಿ. 3.5 ಟನ್ ಒಳಗಿನದನ್ನೇ ಬಾಡಿಗೆಗೆ ತೆಗೆದುಕೊಳ್ಳಿ, ಕಾರ್ ಲೈಸೆನ್ಸ್ ಸಾಕು. ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇರಲಿ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ. ಎಷ್ಟೋ ಪಾರ್ಕಿಂಗ್ ಜಾಗಗಳ ಬಾಗಿಲಲ್ಲೇ 2 ಮೀಟರ್ ಎತ್ತರದ ಅಡ್ಡಕಂಬ ಇರುತ್ತದೆ. ಗುಡ್ಡಗಾಡಿನ ಕಡೆ ಹೋಗುವವರು ಇನ್ನೊಂದು ಕೇಳಬೇಕು: ಸರ್ಕಾರ ಗುರುತಿಸಿದ ಊರುಗಳಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಚಳಿಗಾಲದ ಟೈರ್ ಅಥವಾ ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಕಡ್ಡಾಯ.

ಗ್ಯಾಸ್ ಸಿಲಿಂಡರ್ ಯಾವುದು ಅಂತಲೂ ಕೇಳಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ. ನಡುರಾತ್ರಿ ಹೀಟರ್ ನಿಲ್ಲುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೂ ಕೈಕೊಡುವುದಿಲ್ಲ.

ನಿಜವಾದ ತಲೆನೋವು ನೀರಿನದು. ಫ್ರಾನ್ಸಿನ ಬಹಳ ಹಳ್ಳಿಗಳಲ್ಲಿ ಮೋಟಾರ್‌ಹೋಮ್ ನಿಲ್ಲಿಸಲೆಂದೇ ಜಾಗ ಬಿಟ್ಟಿರುತ್ತಾರೆ, ಅದಕ್ಕೆ 'ಏರ್' ಎನ್ನುತ್ತಾರೆ. ಅಲ್ಲೊಂದು ಸರ್ವಿಸ್ ಕಂಬ: ಕುಡಿಯುವ ನೀರು ತುಂಬಿಸಿ, ಪಾತ್ರೆ ತೊಳೆದ ನೀರು ಬಿಟ್ಟು, ಟಾಯ್ಲೆಟ್ ಡಬ್ಬ ಖಾಲಿ ಮಾಡುವುದಕ್ಕೆ. ಕೆಲವು ಕಡೆ ಟೋಕನ್ ಬೇಕು, 'ಮೇರಿ' ಎಂಬ ಊರ ಕಚೇರಿಯಲ್ಲೋ ಬೇಕರಿಯಲ್ಲೋ ಸಿಗುತ್ತದೆ. ಚಳಿಗಾಲದಲ್ಲಿ ಪೈಪ್ ಹೆಪ್ಪುಗಟ್ಟಿ ಒಡೆದೀತು ಎಂದು ಎಷ್ಟೋ ಊರಿನವರು ನೀರೇ ನಿಲ್ಲಿಸಿಬಿಡುತ್ತಾರೆ. ಟ್ಯಾಂಕ್ ಅರ್ಧ ಇದ್ದಾಗಲೇ, ನೀರು ಬರುವ ನಲ್ಲಿ ಕಂಡಲ್ಲಿ ತುಂಬಿಸಿಕೊಳ್ಳಿ. ಇನ್ನೊಂದು: ಹೀಟರ್ ಆರಿಸಿ ಮಲಗಬೇಡಿ. ಬಹಳ ಗಾಡಿಗಳಲ್ಲಿ ಒಳಗಿನ ಉಷ್ಣಾಂಶ ಸುಮಾರು 3 ಡಿಗ್ರಿಗೆ ಇಳಿದರೆ ಬಾಯ್ಲರ್‌ನ ವಾಲ್ವ್ ತಾನಾಗಿ ತೆರೆದು ಬಿಸಿನೀರೆಲ್ಲ ಹೊರಗೆ ಹೋಗುತ್ತದೆ. ಬೆಳಿಗ್ಗೆ ಗಾಡಿ ಕೆಳಗೆ ನೀರು ಕಂಡರೆ ಸೋರಿಕೆ ಅಂತ ಗಾಬರಿಯಾಗಬೇಡಿ.

ಕ್ಯಾಂಪಿಂಗ್ ಜಾಗಗಳು ಹೆಚ್ಚಿನವು ವಸಂತದವರೆಗೆ ಮುಚ್ಚಿರುತ್ತವೆ. ಏರ್ ಬಿಟ್ಟರೆ 'ಫ್ರಾನ್ಸ್ ಪಾಸಿಯೋಂ' ಯೋಜನೆಗೆ ಸದಸ್ಯರಾಗಿ, ದ್ರಾಕ್ಷಿ ತೋಟದವರು, ರೈತರು ಒಂದು ರಾತ್ರಿ ಬಿಟ್ಟಿಯಾಗಿ ಗಾಡಿ ನಿಲ್ಲಿಸಲು ಬಿಡುತ್ತಾರೆ. ಏನಾದರೂ ಕೊಳ್ಳಲೇಬೇಕೆಂದಿಲ್ಲ (ಕೊಂಡರೆ ಚೆಂದ, ಅಲ್ವಾ?). ಡಿಸೆಂಬರ್‌ನಲ್ಲಿ ಐದು ಗಂಟೆ ದಾಟುತ್ತಿದ್ದಂತೆ ಕತ್ತಲು. ನಾಲ್ಕಕ್ಕೆಲ್ಲ ಜಾಗ ಹಿಡಿದಿರಿ.

ಊಟ ಗಾಡಿಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಈ ಕಡೆಯ ಹೋಟೆಲ್‌ಗಳಲ್ಲಿ ಬಾತುಕೋಳಿಯದೇ ದರ್ಬಾರು, ಸಸ್ಯಾಹಾರಿಗಳಿಗೆ ಕಷ್ಟ. ಸಾರಿನ ಪುಡಿ ಜಾಸ್ತಿ ಜಾಗ ಹಿಡಿಯುವುದಿಲ್ಲ. ತರಕಾರಿ, ಅಲ್ಲಿನ ಹೆಸರಾಂತ ಅಕ್ರೋಟು ಸಂತೆಯಲ್ಲಿ ಸಿಗುತ್ತದೆ. ಮಧ್ಯಾಹ್ನ ಎರಡು ಗಂಟೆ ಹೊತ್ತು ಅಂಗಡಿಗಳು ಬಂದ್, ಸೋಮವಾರ ಬಹಳಷ್ಟು ಕಡೆ ಪೂರ್ತಿ ರಜೆ. ಬ್ರೆಡ್ ಭಾನುವಾರವೇ ತಂದಿಡಿ.

ಈಗ ದಾರಿ. ಶನಿವಾರ ಸಾರ್ಲಾ ಪಟ್ಟಣದ ಸಂತೆಯಿಂದ ಶುರು ಮಾಡಿ. ಭಾನುವಾರ ನದಿಯುದ್ದಕ್ಕೂ ಬೇನಾಕ್, ಬಂಡೆಗೆ ಅಂಟಿಕೊಂಡ ಲಾ ರೋಕ್ ಗಾಜಾಕ್, ಗುಡ್ಡದ ಮೇಲಿನ ದೊಮ್. ಮೂರೂ ಹತ್ತಿರಹತ್ತಿರ. ಸೋಮವಾರ ದಕ್ಷಿಣಕ್ಕೆ ಇಳಿದು ಸೇಂ ಸಿರ್ಕ್ ಲಾಪೊಪಿ. ಎಲ್ಲ ಮುಚ್ಚಿದ್ದರೂ ಅಲ್ಲಿ ಸುಮ್ನೆ ನಡೆದಾಡುವುದೇ ಸುಖ. ಮಂಗಳವಾರ ಲಾಲ್ಬಾಂಕ್. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಧ್ಯಾಹ್ನ ಎರಡೂವರೆಗೆ ಅಲ್ಲಿ ಟ್ರಫಲ್ ಸಂತೆ. ಟ್ರಫಲ್ ಎಂದರೆ ಓಕ್ ಮರದ ಬುಡದಲ್ಲಿ, ನೆಲದೊಳಗೆ ಬೆಳೆಯುವ ಕಪ್ಪು ಅಣಬೆ. ಬೆಂಚಿನ ಮೇಲೆ ಬುಟ್ಟಿಗಳು, ಎದುರಿಗೆ ಹಗ್ಗ. ಹಗ್ಗ ಇಳಿಸುವವರೆಗೆ ವ್ಯಾಪಾರ ಇಲ್ಲ. ಗಾಡಿಯನ್ನು ಊರ ಹೊರಗೇ ಬಿಟ್ಟು ನಡೆದು ಹೋಗಿ, ಅವತ್ತು ಅಲ್ಲಿನ ದೊಡ್ಡ ಬೀದಿಯೇ ಸಂತೆ.