ಬಾಟಲಿಯಲ್ಲಿ ಅಳೆದ ಸೂರ್ಯ

ಚಪ್ಪಟೆ ಮುಖದ ಒಂದು ಗಾಜಿನ ಬಾಟಲಿ, 200 ಮಿಲಿಲೀಟರ್ ನೀರು, ಅದನ್ನು ಕಪ್ಪಾಗಿಸಲು ಒಂದಿಷ್ಟು ಮಸಿ, ಮುಚ್ಚಳದಲ್ಲಿ ತೂತು ಕೊರೆದು ಇಳಿಬಿಟ್ಟ ಥರ್ಮಾಮೀಟರ್. ಸೂರ್ಯನ ಶಕ್ತಿಯನ್ನು ಅಳೆಯಲು ಹೊರಟಾಗ ನನ್ನ ಹತ್ತಿರ ಇದ್ದ ಸಾಮಾನು ಇಷ್ಟೇ. 1838ರ ಸುಮಾರಿಗೆ ಫ್ರಾನ್ಸಿನ ಕ್ಲಾಡ್ ಪೂಯೆ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅವನದು ಕಪ್ಪು ಬಳಿದ ಲೋಹದ ಡಬ್ಬಿ, ಒಳಗೆ ನೀರು. ಬಿಸಿಲಿಗೆ ಹಿಡಿಯುವುದು, ಎಷ್ಟು ಹೊತ್ತಿಗೆ ಎಷ್ಟು ಡಿಗ್ರಿ ಏರಿತು ಎಂದು ಬರೆದುಕೊಳ್ಳುವುದು.

ಬಾಟಲಿಯನ್ನು ಒಂದು ಹಲಗೆಗೆ ಕಟ್ಟಿ, ಪಕ್ಕದಲ್ಲಿ ಒಂದು ಮೊಳೆಯನ್ನು ನೆಟ್ಟಗೆ ಹೊಡೆದೆ. ಮೊಳೆಯ ನೆರಳು ಮಾಯವಾಯಿತೆಂದರೆ ಹಲಗೆ ನೇರ ಸೂರ್ಯನಿಗೆ ಮುಖ ಮಾಡಿದೆ ಎಂದರ್ಥ. ಬಿಸಿಲಿಗೆ ತೆರೆದ ಮುಖ 8 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಉದ್ದ. ಇಪ್ಪತ್ತು ನಿಮಿಷಕ್ಕೆ ಏರಿದ್ದು 7 ಡಿಗ್ರಿ. ಲೆಕ್ಕ ಹಾಕಿದರೆ ಚದರ ಮೀಟರಿಗೆ 510 ವಾಟ್. ಸ್ವಚ್ಛ ಆಕಾಶದ ನಡುಹಗಲಲ್ಲಿ ನೆಲಕ್ಕೆ ತಲುಪುವುದು ಸುಮಾರು 1,000 ವಾಟ್ ಎಂದು ಓದಿದ್ದೆ. ಅರ್ಧ ಸೂರ್ಯ ಎಲ್ಲೋ ಸೋರಿಹೋಗಿದ್ದ.

ಸೋರಿದ್ದು ಎಲ್ಲಿ ಎಂದು ಹುಡುಕಲು ಎರಡು ವಾರ ಹಿಡಿಯಿತು. ಒಂದು, ನೀರು ಸುತ್ತಲ ಗಾಳಿಗಿಂತ ಬಿಸಿಯಾದ ಕ್ಷಣದಿಂದಲೇ ಶಾಖವನ್ನು ಗಾಳಿಗೆ ಕೊಡತೊಡಗುತ್ತದೆ. ಇದಕ್ಕೆ ಹಳೆಯ ಪ್ರಯೋಗಾಲಯದವರ ಉಪಾಯವೊಂದಿದೆ: ಗಾಳಿಗಿಂತ 5 ಡಿಗ್ರಿ ತಣ್ಣಗಿರುವ ನೀರಿನಿಂದ ಆರಂಭಿಸಿ, 5 ಡಿಗ್ರಿ ಬೆಚ್ಚಗಾದಾಗ ನಿಲ್ಲಿಸು. ಮೊದಲರ್ಧದಲ್ಲಿ ಗಾಳಿಯಿಂದ ಬಂದದ್ದು ಎರಡನೆಯ ಅರ್ಧದಲ್ಲಿ ಗಾಳಿಗೆ ಹೋಗಿ ಲೆಕ್ಕ ಚುಕ್ತಾ. ಹಾಗೆ ಮಾಡಿದಾಗ ಇಪ್ಪತ್ತು ನಿಮಿಷಕ್ಕೆ 10 ಡಿಗ್ರಿ ಏರಿತು, 730 ವಾಟ್. ಎರಡನೆಯ ತಪ್ಪು ನಾಚಿಕೆಗೇಡಿನದು. ಬಿಸಿಯಾಗಿದ್ದು ನೀರು ಮಾತ್ರವಲ್ಲ, ಬಾಟಲಿಯೂ ಹೌದು. 250 ಗ್ರಾಂ ಗಾಜಿನ ಪಾಲನ್ನು ಸೇರಿಸಿದ ಮೇಲೆ ಉತ್ತರ 910ಕ್ಕೆ ಬಂದು ನಿಂತಿತು.

ಇಲ್ಲಿಂದ ಮುಂದಿನದು ಕಾಗದದ ಮೇಲಿನ ಕೆಲಸ. ಸೂರ್ಯನಿಂದ 15 ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ದೊಡ್ಡ ಗೋಳವನ್ನು ಕಲ್ಪಿಸಿಕೊಂಡರೆ, ಅದರ ಪ್ರತಿ ಚದರ ಮೀಟರಿಗೂ ಇಷ್ಟೇ ಶಕ್ತಿ ಬೀಳುತ್ತಿರಬೇಕು. ಗುಣಿಸಿ, ಬಂದ ಶಕ್ತಿ ಎಷ್ಟು ತೂಕಕ್ಕೆ ಸಮ ಎಂದು ತಿಳಿಯಲು ಐನ್‌ಸ್ಟೈನನ E = mc² ಸೂತ್ರದಂತೆ ಬೆಳಕಿನ ವೇಗದ ವರ್ಗದಿಂದ ಭಾಗಿಸಿದೆ. ಸೂರ್ಯ ಪ್ರತಿ ಸೆಕೆಂಡಿಗೆ 28 ಲಕ್ಷ ಟನ್ ತೂಕ ಕಳೆದುಕೊಳ್ಳುತ್ತಿದೆ ಎಂದು ನನ್ನ ಬಾಟಲಿ ಹೇಳಿತು. ಸರಿಯಾದ ಉತ್ತರ 42 ಲಕ್ಷ ಟನ್. ವಾತಾವರಣದ ಹೊರಗೆ ಬಿಸಿಲಿನ ತೀವ್ರತೆ 1,361 ವಾಟ್. ಗಾಳಿ ತಿಂದ ಪಾಲನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಮಸಿ ನೀರಿನ ಬಾಟಲಿಯಿಂದ ಅಷ್ಟು ಹತ್ತಿರ ಹೋಗಬಹುದೆಂದು ನಾನು ಎಣಿಸಿರಲಿಲ್ಲ.

ಇಷ್ಟು ತೂಕ ಶಕ್ತಿಯಾಗಬೇಕಾದರೆ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗಬೇಕು. ನಾಲ್ಕು ಹೈಡ್ರೋಜನ್ ಬೀಜಗಳು (ಪರಮಾಣುವಿನ ನಡುವಿನ ತಿರುಳು) ಸೇರಿ ಒಂದು ಹೀಲಿಯಂ ಬೀಜವಾದಾಗ ತೂಕದಲ್ಲಿ ಶೇಕಡಾ 0.7ರಷ್ಟು ಕಡಿಮೆ ಬೀಳುತ್ತದೆ. ಆ ಕೊರತೆಯೇ ಬಿಸಿಲು. ಯುರೇನಿಯಂ-235 ಒಡೆಯುವ ವಿದಳನಕ್ಕೆ ಹೋಲಿಸಿದರೆ, ಒಂದು ಕಿಲೋ ಇಂಧನಕ್ಕೆ ಈ ಸಮ್ಮಿಳನದಲ್ಲಿ ಸಿಗುವುದು ಎಂಟು ಪಟ್ಟಿನಷ್ಟು. ಸೂರ್ಯ ಪೂರ್ತಿ ಕಲ್ಲಿದ್ದಲಾಗಿದ್ದರೆ ಸುಮಾರು ಐದು ಸಾವಿರ ವರ್ಷಕ್ಕೆ ಬೂದಿಯಾಗುತ್ತಿತ್ತು.

ನಡುವೆ ಸೂರ್ಯನ ಮುಖವನ್ನು ನೋಡುವ ಹುಚ್ಚೂ ಹತ್ತಿತು. ದೂರದರ್ಶಕಕ್ಕೆ ಕಣ್ಣಿಟ್ಟು ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಾನು 60 ಮಿಲಿಮೀಟರಿನ ಪುಟ್ಟ ದೂರದರ್ಶಕದಿಂದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿದೆ. ಮೊದಲ ದಿನವೇ ಹಾಳೆಯಿಂದ ಹೊಗೆ ಬಂದಂತಾಯಿತು. ನೋಡಿದರೆ ಹೊಗೆ ಹಾಳೆಯದಲ್ಲ, ಕಣ್ಮಸೂರದ ಪ್ಲಾಸ್ಟಿಕ್ ಕವಚ ಕರಗುತ್ತಿತ್ತು. ಆಮೇಲೆ ಮುಂದಿನ ಮಸೂರಕ್ಕೆ ರಟ್ಟಿನ ಮುಚ್ಚಳ ಹಾಕಿ, ನಡುವೆ 3 ಸೆಂಟಿಮೀಟರಿನ ತೂತು ಮಾತ್ರ ಬಿಟ್ಟೆ.

ಹಾಳೆಯ ಮೇಲೆ ಎಲ್ಲರೂ ಹುಡುಕುವುದು ಸೂರ್ಯಕಲೆಗಳನ್ನು. ನನ್ನನ್ನು ಹಿಡಿದಿಟ್ಟದ್ದು ಬಿಂಬದ ಅಂಚು. ನಡುವೆ ಬೆಳ್ಳಗೆ, ಅಂಚಿಗೆ ಬಂದಂತೆ ಮಂಕು. ಮಸೂರದ ದೋಷವೆಂದು ಒರೆಸಿದ್ದೇ ಒರೆಸಿದ್ದು. ಕೊನೆಗೆ ಅರ್ಥವಾಯಿತು: ನಡುಭಾಗದಲ್ಲಿ ನಮ್ಮ ನೋಟ ನೇರ ಒಳಗಿಳಿಯುತ್ತದೆ, ಅಂಚಿನಲ್ಲಿ ಓರೆಯಾಗಿ ಹಾದು ಮೇಲಿನ ತಣ್ಣನೆಯ ಪದರದಲ್ಲೇ ನಿಂತುಬಿಡುತ್ತದೆ. ಅಂದರೆ ನಮಗೆ ಕಾಣುವ ದ್ಯುತಿಗೋಳದಲ್ಲೇ ಒಳಗೆ ಹೋದಷ್ಟೂ ಬಿಸಿ ಹೆಚ್ಚು. ಸೂರ್ಯನಿಗೆ ಪದರಗಳಿವೆ ಎಂಬುದಕ್ಕೆ ನಾನೇ ಕಂಡ ಪುರಾವೆ ಅದೊಂದೇ.

ಉಳಿದ ಪದರಗಳನ್ನು ಸೂರ್ಯನ ಮೈ ಐದು ನಿಮಿಷಕ್ಕೊಮ್ಮೆ ಏರಿಳಿಯುವ ಕಂಪನಗಳಿಂದ ಖಗೋಳಜ್ಞರು ಓದಿಕೊಂಡಿದ್ದಾರೆ. ನಡುವಿನ ಗರ್ಭ ತ್ರಿಜ್ಯದ ಕಾಲು ಭಾಗ; ಕೇಂದ್ರದಲ್ಲಿ ಒಂದೂವರೆ ಕೋಟಿ ಡಿಗ್ರಿ, ನೀರಿಗಿಂತ 150 ಪಟ್ಟು ಸಾಂದ್ರತೆ. ಅದರ ಮೇಲೆ ತ್ರಿಜ್ಯದ ಶೇಕಡಾ 70ರವರೆಗೆ ವಿಕಿರಣ ವಲಯ. ಅಲ್ಲಿ ಬೆಳಕು ಡಿಕ್ಕಿ ಹೊಡೆಯುತ್ತಾ, ದಾರಿ ತಪ್ಪುತ್ತಾ ಸಾವಿರಾರು ವರ್ಷ ಅಲೆಯುತ್ತದೆ. ಆಮೇಲಿನದು ಕುದಿಯುವ ನೀರಿನಂತೆ ಅನಿಲ ಮೇಲೆ ಕೆಳಗೆ ಹೊರಳುವ ಸಂವಹನ ವಲಯ. ಸಮ್ಮಿಳನದಲ್ಲೇ ಹುಟ್ಟುವ, ಯಾವುದಕ್ಕೂ ಸುಲಭಕ್ಕೆ ತಾಗದ ನ್ಯೂಟ್ರಿನೊ ಕಣಗಳಿಗೆ ಈ ಯಾವ ತಾಪತ್ರಯವೂ ಇಲ್ಲ, ಗರ್ಭದಿಂದ ಹೊರಟರೆ ಎಂಟು ನಿಮಿಷ ಚಿಲ್ಲರೆಗೆ ಭೂಮಿಯನ್ನು ಹಾದು ಹೋಗಿರುತ್ತವೆ.

ನನ್ನನ್ನು ತಿಂಗಳುಗಟ್ಟಲೆ ಕಾಡಿದ್ದು ಒಂದು ಸರಳ ಭಾಗಾಕಾರ. ಸೂರ್ಯನ ಒಟ್ಟು ಶಕ್ತಿಯನ್ನು ಅದರ ತೂಕದಿಂದ ಭಾಗಿಸಿದೆ. ಒಂದು ಕಿಲೋ ಸೂರ್ಯನಿಂದ ಹೊಮ್ಮುವುದು ಒಂದು ವಾಟಿನ ಐದು ಸಾವಿರದಲ್ಲೊಂದು ಭಾಗ! ಸುಮ್ಮನೆ ಕೂತಿರುವ ನನ್ನ ಮೈ ಕಿಲೋಗೆ ಒಂದು ವಾಟಿಗಿಂತ ಹೆಚ್ಚು ಶಾಖ ಬಿಡುತ್ತದೆ. ತಪ್ಪಿರಬೇಕೆಂದು ಮೂರು ಸಲ ಭಾಗಿಸಿದೆ. ತಪ್ಪಿರಲಿಲ್ಲ. ಸೂರ್ಯನ ಉರಿ ಜೋರಾದದ್ದಲ್ಲ, ರಾಶಿ ದೊಡ್ಡದು ಅಷ್ಟೇ.

ಇಷ್ಟು ನಿಧಾನ ಏಕೆ? ಹೈಡ್ರೋಜನ್ ಬೀಜವೆಂದರೆ ಒಂದು ಪ್ರೋಟಾನ್. ಎರಡು ಪ್ರೋಟಾನ್‌ಗಳು ಒಂದನ್ನೊಂದು ತಾಗಿದರೆ ಸಾಲದು, ತಾಗಿದ ಆ ಕ್ಷಣದಲ್ಲೇ ಅವುಗಳಲ್ಲೊಂದು ನ್ಯೂಟ್ರಾನ್ ಆಗಿ ಬದಲಾಗಬೇಕು. ಆ ಬದಲಾವಣೆ ಮಾಡಿಸುವ ಬಲಕ್ಕೆ ಹೆಸರೇ ದುರ್ಬಲ ಬಲ. ಗರ್ಭದಲ್ಲಿರುವ ಒಂದು ಪ್ರೋಟಾನ್ ತನ್ನ ಸರದಿಗೆ ಕಾಯುವ ಸರಾಸರಿ ಅವಧಿ ನೂರಾರು ಕೋಟಿ ವರ್ಷ. ಭೂಮಿಯ ಮೇಲಿನ ಸಮ್ಮಿಳನ ಯಂತ್ರಗಳಿಗೆ ಅಷ್ಟು ಪುರುಸೊತ್ತಿಲ್ಲ. ಅದಕ್ಕೇ ಅಲ್ಲಿ ಬೇರೆ ಇಂಧನ, ಹತ್ತು ಕೋಟಿ ಡಿಗ್ರಿಗೂ ಮೀರಿದ ಬಿಸಿ.

ಈ ದುರ್ಬಲ ಬಲದ ಕೆಲಸವನ್ನು ಮನೆಯಲ್ಲೇ ಕೇಳಬಹುದು ಎಂದು ಗೊತ್ತಾದಾಗ ವಿಕಿರಣದ ಕಣಗಳನ್ನು ಟಿಕ್ ಟಿಕ್ ಎಂದು ಎಣಿಸುವ ಒಂದು ಗೈಗರ್ ಕೌಂಟರ್ ತರಿಸಿದೆ. (ವಿಕಿರಣಶೀಲತೆ ಕಣ್ಣಿಗೆ ಬಿದ್ದದ್ದೇ ಸೂರ್ಯ ಮೋಡದ ಹಿಂದೆ ಅಡಗಿದ್ದರಿಂದ. 1896ರಲ್ಲಿ ಫ್ರಾನ್ಸಿನ ವಿಜ್ಞಾನಿ ಬೆಕೆರೆಲ್ ಬಿಸಿಲಿಗಾಗಿ ಕಾದು, ಬಿಸಿಲು ಬಾರದೆ ಯುರೇನಿಯಂ ಲವಣವನ್ನು ಫೋಟೋ ತಟ್ಟೆಯ ಜೊತೆ ಮೇಜಿನ ಖಾನೆಯಲ್ಲಿಟ್ಟಿದ್ದ. ಬೆಳಕಿಲ್ಲದೆಯೂ ತಟ್ಟೆ ಕಪ್ಪಾಗಿತ್ತು.) ನಾನು ಹಿಡಿದದ್ದು ನಿರುಪದ್ರವಿ ಪೊಟ್ಯಾಸಿಯಂ ಕ್ಲೋರೈಡ್. ಪ್ರಕೃತಿಯ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಪರಮಾಣು ಪೊಟ್ಯಾಸಿಯಂ-40. ಅದರ ಬೀಜದೊಳಗೆ ಹೆಚ್ಚಾಗಿ ನ್ಯೂಟ್ರಾನ್ ಪ್ರೋಟಾನ್ ಆಗುತ್ತದೆ, ಸೂರ್ಯನಲ್ಲಿ ನಡೆಯುವುದರ ತಿರುವುಮುರುವು. ಅರ್ಧಾಯು, ಅಂದರೆ ಅರ್ಧದಷ್ಟು ಬೀಜಗಳು ಹೀಗೆ ಬದಲಾಗಿ ಕ್ಷಯಿಸಲು ಹಿಡಿಯುವ ಕಾಲ, 125 ಕೋಟಿ ವರ್ಷ. ಪ್ರತಿಯೊಬ್ಬರ ಮೈಯಲ್ಲೂ ಸೆಕೆಂಡಿಗೆ ಸುಮಾರು ನಾಲ್ಕು ಸಾವಿರ ಇಂಥ ಬೀಜಗಳು ಕ್ಷಯಿಸುತ್ತಿರುತ್ತವೆ.

ಲವಣವಿಲ್ಲದೆ ಒಂದು ನಿಮಿಷ ಎಣಿಸಿದೆ: 24. ಲವಣವಿಟ್ಟು ಒಂದು ನಿಮಿಷ: 22. ಯಂತ್ರ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿದ್ದು ನನ್ನ ಅವಸರ. ಯಾವ ಬೀಜ ಯಾವಾಗ ಕ್ಷಯಿಸುತ್ತದೆ ಎಂಬುದಕ್ಕೆ ಗೊತ್ತುಗುರಿ ಇಲ್ಲ. ಇಪ್ಪತ್ತು ಎಣಿಕೆಯಲ್ಲಿ ನಾಲ್ಕೈದು ಅತ್ತಿತ್ತ ಆಗುವುದು ಮಾಮೂಲು. ಇದು ತಲೆಗೆ ಹತ್ತಿದ್ದು ನೂರು ದಾಳಗಳನ್ನು ನೆಲಕ್ಕೆ ಚೆಲ್ಲಿದಾಗ. ಪ್ರತಿ ಸಲವೂ ಒಂದು ಬಿದ್ದ ದಾಳಗಳನ್ನು ತೆಗೆದಿಡುವುದು. ನಾಲ್ಕು ಸಲ ಚೆಲ್ಲುವ ಹೊತ್ತಿಗೆ ಅರ್ಧ ಉಳಿಯಬೇಕು, ಉಳಿಯುತ್ತಲೂ ಇತ್ತು; ಆದರೆ ಯಾವ ದಾಳ ಮುಂದೆ ಹೋಗುತ್ತದೆ ಎಂದು ಒಮ್ಮೆಯೂ ಹೇಳಲಾಗಲಿಲ್ಲ. ಆಮೇಲೆ ತಲಾ ಒಂದು ಗಂಟೆ ಎಣಿಸಿದೆ. ಲವಣವಿಲ್ಲದೆ ನಿಮಿಷಕ್ಕೆ ಸರಾಸರಿ 21, ಲವಣವಿದ್ದಾಗ 33. ಈ ಸಲ ಅನುಮಾನಕ್ಕೆ ಎಡೆಯಿರಲಿಲ್ಲ.

ಬಾಟಲಿಯ ಕೆಲಸ ಇನ್ನೂ ಬಾಕಿ. ಗಾಳಿ ತಿಂದ ಪಾಲನ್ನು ಹಿಡಿಯಲು ಪೂಯೆ ಬೆಳಗಿನಿಂದ ಸಂಜೆಯವರೆಗೆ, ಸೂರ್ಯ ಬೇರೆ ಬೇರೆ ಎತ್ತರದಲ್ಲಿರುವಾಗ ಅಳೆದಿದ್ದ. ಓರೆಯಾದಷ್ಟೂ ಬಿಸಿಲು ಹಾಯುವ ಗಾಳಿ ಹೆಚ್ಚು. ಆ ಅಂಕಿಗಳನ್ನು ಗೀಟೆಳೆದು ಹಿಂದಕ್ಕೆ ಒಯ್ದರೆ ಗಾಳಿಯೇ ಇಲ್ಲದ ಜಾಗದ ಬಿಸಿಲು ಸಿಗುತ್ತದೆ. ಗಾಜಿನ ಬದಲು ತೆಳು ತಾಮ್ರದ ಡಬ್ಬಿ ಮಾಡಿಸಿಟ್ಟಿದ್ದೇನೆ. ಮೋಡವಿಲ್ಲದ ಒಂದು ಇಡೀ ದಿನ ಸಿಗಬೇಕು, 28ನ್ನು 42ರ ಹತ್ತಿರಕ್ಕೆ ತರಬೇಕು.