ಕೈಲ್‌ಪೊಳ್ದ್‌ಗೆ ಮೊದಲು ಒಂಟಿ ನಳಿಗೆ ಕೋವಿಯನ್ನು ಶುಚಿ ಮಾಡುವುದು ಹೇಗೆ

ಕೊಡಗಿನಲ್ಲಿ ಜೂನ್‌ನಿಂದ ಮಳೆ ಹಿಡಿದರೆ ಬೀರುವಿನೊಳಗಿನ ಕಬ್ಬಿಣಕ್ಕೂ ತುಕ್ಕು ಬರುತ್ತದೆ. ಸೆಪ್ಟೆಂಬರ್ 3ಕ್ಕೆ ಕೊಡವರ ಆಯುಧ ಪೂಜೆಯ ಹಬ್ಬ, ಕೈಲ್‌ಪೊಳ್ದ್. ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ, ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿಗೆ ಹೊರಡುವ ದಿನ. ಅವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ ಮೇಲೆ ಮೇಲೆ ಒರೆಸಿದರೆ ಸಾಲದು. ವಾರ ಮೊದಲೇ ಕೂತು ಬಿಚ್ಚಿ ನೋಡಿ.

ನಾನು ಹೇಳುತ್ತಿರುವುದು ಮಧ್ಯಕ್ಕೆ ಮಡಚುವ 12 ಬೋರ್ ಒಂಟಿ ನಳಿಗೆ ಕೋವಿಯ ಬಗ್ಗೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಕೆಲಸವೇ ಬೇರೆ.

ಮೊದಲು ತೋಟೆಗಳನ್ನೆಲ್ಲ ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಆಮೇಲೆ ಲಿವರ್ ಒತ್ತಿ ಕೋವಿ ಮಡಚಿ, ತೋಟೆ ಕೂರುವ ಚೇಂಬರ್ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ಬೆರಳು ಹಾಕಿಯೂ ನೋಡಿ. ಹೋದ ವರ್ಷ ಖಾಲಿ ಮಾಡಿಯೇ ಇಟ್ಟಿದ್ದೆ ಅನ್ನುವ ನೆನಪನ್ನು ನಂಬಬೇಡಿ. ನಳಿಗೆಯ ಕೆಳಗಿನ ಮರದ ಹಿಡಿ ತೆಗೆದು, ಮತ್ತೆ ಲಿವರ್ ಒತ್ತಿದರೆ ನಳಿಗೆ ಕೀಲಿನಿಂದ ಕಳಚಿ ಕೈಗೆ ಬರುತ್ತದೆ. ಇಷ್ಟು ಬಿಚ್ಚಿದರೆ ಸಾಕು. ಕುದುರೆ, ಸ್ಪ್ರಿಂಗ್ ಇರುವ ಒಳಭಾಗಕ್ಕೆ ಸ್ಕ್ರೂಡ್ರೈವರ್ ಹಾಕಲು ಹೋಗಬೇಡಿ.

ಶುಚಿ ಮಾಡುವ ಕೋಲನ್ನು ಯಾವಾಗಲೂ ಚೇಂಬರ್ ಕಡೆಯಿಂದ ತೂರಿಸಿ. ಬಾಯಿಯ ಕಡೆಯಿಂದ ಹಾಕಿದರೆ ಕೊಳೆಯೆಲ್ಲ ಚೇಂಬರಿಗೇ ಬಂದು ಕೂರುತ್ತದೆ. ಮೊದಲು ಸಾಲ್ವೆಂಟ್‌ನಲ್ಲಿ ಅದ್ದಿದ ಫ್ಲಾನೆಲ್ ತುಂಡು, ಆಮೇಲೆ ಕಂಚಿನ ಬ್ರಷ್, ಮತ್ತೆ ಫ್ಲಾನೆಲ್, ಬಟ್ಟೆ ಬೆಳ್ಳಗೆ ಬರುವ ತನಕ. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲಿ ಸೀಸ ಮತ್ತು ಪ್ಲಾಸ್ಟಿಕ್ ಜಾಸ್ತಿ ಅಂಟಿರುತ್ತದೆ, ಅಲ್ಲಿ ಬ್ರಷ್ಷನ್ನು ಬೇಸರವಿಲ್ಲದೆ ಆಡಿಸಿ. ತೋಟೆಯನ್ನು ಹೊರಗೆ ತಳ್ಳುವ ಎಕ್ಸ್‌ಟ್ರಾಕ್ಟರ್ ಅಡಿಯಲ್ಲಿ ಕಪ್ಪು ಮಸಿ ಕಟ್ಟಿದ್ದರೆ ಹಳೆ ಟೂತ್‌ಬ್ರಷ್ ಸಾಕು.

ಈಗ ಮುಖ್ಯ ಕೆಲಸ, ನೋಡುವುದು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಒಳಗೆ ಬೆಳಕಿನ ಬಳೆಗಳು ಒಂದರ ಹಿಂದೆ ಒಂದು ಸರಿಯಾಗಿ ಕಾಣಬೇಕು. ಎಲ್ಲಾದರೂ ಬಳೆ ಸೊಟ್ಟಗಾಗಿದ್ದರೆ ಅಲ್ಲಿ ತಗ್ಗಿದೆ, ಸುತ್ತಲೂ ಕಪ್ಪು ನೆರಳಿನ ಉಂಗುರ ಕಂಡರೆ ನಳಿಗೆ ಉಬ್ಬಿರಬಹುದು. ಹೊರಗಿನಿಂದ ಬೆರಳು ಸವರಿದರೂ ಉಬ್ಬು ಗೊತ್ತಾಗುತ್ತದೆ. ಹಾಗಿದ್ದರೆ ಆ ಕೋವಿಯಿಂದ ಗುಂಡು ಹಾರಿಸಲೇಬೇಡಿ, ಪರವಾನಗಿ ಇರುವ ರಿಪೇರಿಯವರಿಗೆ ತೋರಿಸಿ. ಆಮೇಲೆ ನಳಿಗೆ ಜೋಡಿಸಿ, ಮರದ ಹಿಡಿ ಹಾಕದೆ ಅಲ್ಲಾಡಿಸಿ ನೋಡಿ. ಲಟಲಟ ಅಂದರೆ, ಅಥವಾ ನಳಿಗೆಗೂ ಅದರ ಹಿಂಬದಿಗೆ ಒತ್ತಿ ನಿಲ್ಲುವ ಫ್ರೇಮಿನ ಗೋಡೆಗೂ ನಡುವೆ ಬೆಳಕು ನುಸುಳಿದರೆ, ಕೀಲು ಸವೆದಿದೆ ಅಂತ ಅರ್ಥ.

ತುಂಬಾ ಜನ ಕೇಳುವ ಮಾತೊಂದಿದೆ: ಇದಕ್ಕೇ ರೈಫಲ್ ನಳಿಗೆ ಕೂರಿಸಬಹುದಲ್ವಾ? ಬೇಡ. 12 ಬೋರ್ ತೋಟೆಯ ಒತ್ತಡದ ಮಿತಿ ಚದರ ಇಂಚಿಗೆ ಸುಮಾರು 11,500 ಪೌಂಡ್, .308 ರೈಫಲ್‌ನದು 62,000. ಈ ಕೀಲು, ಈ ಬೀಗ ಆ ಏಟಿಗೆ ಮಾಡಿದ್ದಲ್ಲ, ಬಿಟ್ಟುಕೊಂಡರೆ ಎದುರಿಗಿರುವುದು ನಿಮ್ಮದೇ ಮುಖ. ಅಮೆರಿಕದ ಎಚ್ ಅಂಡ್ ಆರ್ ಕಂಪನಿ ಮಡಚುವ ಒಂಟಿ ನಳಿಗೆ ರೈಫಲ್ ಮಾಡುತ್ತಿದ್ದಾಗಲೂ ಅದಕ್ಕೆ ಹೆಚ್ಚು ಗಟ್ಟಿಯಾದ ಬೇರೆ ಫ್ರೇಮ್ ಬಳಸುತ್ತಿತ್ತು. ನಮ್ಮಲ್ಲಿ ಪರವಾನಗಿ ಇಲ್ಲದೆ ಕೋವಿಯನ್ನು ಬದಲಾಯಿಸುವುದು 1959ರ ಆಯುಧ ಕಾಯ್ದೆಯಡಿ ದೊಡ್ಡ ಅಪರಾಧ. ಕೊಡವರಿಗೆ, ತಲೆಮಾರಿನಿಂದ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ 2029ರ ತನಕ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಅದರ ರೂಪ ಬದಲಿಸುವುದಕ್ಕಲ್ಲ. ತಾತನ ಕಾಲದ ಕೋವಿಯನ್ನು ಅದು ಇದ್ದ ಹಾಗೇ ಮೊಮ್ಮಕ್ಕಳಿಗೆ ದಾಟಿಸಬೇಕು ಅಂತ ನನ್ನ ಬಲವಾದ ಅಭಿಪ್ರಾಯ.

ಎಣ್ಣೆ ವಿಷಯದಲ್ಲಿ ಕೈ ಬಿಗಿ ಇರಲಿ. ನಳಿಗೆಯ ಒಳಗೆ ಹೊರಗೆ ತೆಳ್ಳಗೆ ಒಂದು ಪದರ, ಕೀಲಿಗೆ ಚೂರು ಗ್ರೀಸ್. ಜಾಸ್ತಿ ಸುರಿದರೆ ಎಣ್ಣೆ ಇಳಿದು ಬಟ್‌ನ ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ. ಎಣ್ಣೆ ಹಚ್ಚಿದ ಮೇಲೆ ಕೆಲವು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಮರಕ್ಕೆ ಅಗಸೆ ಎಣ್ಣೆ ಎರಡು ಹನಿ ಅಂಗೈಯಲ್ಲಿ ತಿಕ್ಕಿ ಸವರಿದರೆ ಸಾಕು. ಚರ್ಮದ ಚೀಲದಲ್ಲಿ ಮಳೆಗಾಲವಿಡೀ ಇಡಲೇಬೇಡಿ, ಚರ್ಮ ತೇವ ಹಿಡಿಯುತ್ತದೆ. ಗಾಳಿಯಾಡುವ, ಬೀಗವಿರುವ ಬೀರು ಒಳ್ಳೆಯದು. ಹೊಡೆಯುವ ದಿನ ಮೊದಲ ತೋಟೆ ಹಾಕುವ ಮುಂಚೆ ಒಣ ಬಟ್ಟೆಯಿಂದ ನಳಿಗೆಯ ಎಣ್ಣೆ ತೆಗೆದುಬಿಡಿ.

ತೋಟೆಯನ್ನೂ ನೋಡಿಕೊಳ್ಳಿ. ಹಿತ್ತಾಳೆ ಬುಡ ಹಸಿರುಗಟ್ಟಿದ್ದರೆ, ಮೈ ಉಬ್ಬಿದ್ದರೆ ಬಳಸಬೇಡಿ. ಹಳೆಯ ಕೋವಿಗಳಲ್ಲಿ ಕೆಲವದರ ಚೇಂಬರ್ 65 ಮಿ.ಮೀ. ಮಾತ್ರ. 70 ಮಿ.ಮೀ. ತೋಟೆ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಹೊಡೆದಾಗ ತುದಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಳತೆ ಸಾಮಾನ್ಯವಾಗಿ ನಳಿಗೆಯ ಅಡಿಯಲ್ಲಿ ಮುದ್ರೆ ಒತ್ತಿರುತ್ತದೆ, ಬಿಚ್ಚಿದಾಗಲೇ ಓದಿಕೊಳ್ಳಿ. ಮನೆಯಲ್ಲಿ 20 ಬೋರ್ ಕೋವಿಯೂ ಇದ್ದರೆ ಎರಡರ ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. 20ರ ತೋಟೆ 12ರದಕ್ಕಿಂತ ಸಣ್ಣ, ಹಾಗಾಗಿ 12ರ ಚೇಂಬರ್ ದಾಟಿ ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ಕಾಣುವುದಿಲ್ಲ. ಅದರ ಮೇಲೆ ಇನ್ನೊಂದು ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ.