ತೆಂಗಿಗೆ ಪೊಟ್ಯಾಷ್, ಜೊತೆಗೆ ಕಲ್ಲುಪ್ಪು: ಬಾಣಾವರ ಕಡೆಯ ನನ್ನ ಅನುಭವ

ತೆಂಗಿನ ಪಾತಿಗೆ ಉಪ್ಪು ಸುರಿದಾಗ ನಮ್ಮೂರಿನವರು ನನಗೆ ಉಪ್ಪಿನಣ್ಣ ಅಂತ ಹೆಸರಿಟ್ಟರು. ಒಳ್ಳೇ ಮರ ಒಣಗಿಸೋಕೆ ಹೊರಟಿದ್ದಾನೆ ಅಂತ ನಕ್ಕರು. ಈಗ ಅವರೇ ಬಂದು ಎಷ್ಟು ಹಾಕ್ತೀಯ, ಯಾವಾಗ ಹಾಕ್ತೀಯ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತೋಟ ಅರಸೀಕೆರೆ ತಾಲೂಕಿನಲ್ಲಿ, ಬಾಣಾವರದ ಹತ್ತಿರ. ಮರಳು ಬೆರೆತ ಕೆಂಪು ಮಣ್ಣು, ತಿಪಟೂರು ಟಾಲ್ ತಳಿಯ ಮರ, ನೂರರ ಆಸುಪಾಸು. ಬೇಸಿಗೆಯಲ್ಲಿ ಬೋರಿಗೆ ಒಂದಿಂಚು ನೀರು ಬಂದರೆ ಪುಣ್ಯ. ಇನ್ನೊಂದು ಕೊರೆಸಲು ಮೂರು ಲಕ್ಷದ ಹತ್ತಿರ ಕೇಳಿದರು, ನೀರಿನ ಗ್ಯಾರಂಟಿ ಇಲ್ಲ. ಆ ದುಡ್ಡಲ್ಲಿ ಎಷ್ಟು ವರ್ಷದ ಗೊಬ್ಬರ ಬರುತ್ತೆ ಅಂತ ಲೆಕ್ಕ ಹಾಕಿದೆ. ಶುರುವಾಗಿದ್ದು ಅಲ್ಲಿಂದ.

ಶಿಫಾರಸು ನಿಮಗೆ ಗೊತ್ತಿರೋದೇ. ಮರಕ್ಕೆ ವರ್ಷಕ್ಕೆ ಸಾರಜನಕ 500 ಗ್ರಾಂ, ರಂಜಕ 320, ಪೊಟ್ಯಾಷ್ 1200. ಅಂದರೆ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್, ಚೀಲದಲ್ಲಿ ಸಿಗೋ ಪೊಟ್ಯಾಷ್ ಗೊಬ್ಬರ) 2 ಕಿಲೋ. ನಮ್ಮ ಕಡೆ ಯಾರು ಹಾಕ್ತಾರೆ ಹೇಳಿ? ಯೂರಿಯಾ ಅಗ್ಗ, ಮರ ಕಪ್ಪಗೆ ಕಾಣುತ್ತೆ, ಕಣ್ಣಿಗೆ ಸಂತೋಷ. ಮಾರ್ಚ್ ಬಿಸಿಲಿಗೆ ಮೊದಲು ಗರಿ ಜೋತು ಬೀಳೋದೂ ಆ ಮರವೇ. ನೀರು ಕಡಿಮೆಯಾದಾಗ ಗರಿಯಲ್ಲಿ ನೀರಾವಿ ಬಿಡೋ ಸಣ್ಣ ರಂಧ್ರಗಳು ಹೊತ್ತಿಗೆ ಸರಿಯಾಗಿ ಮುಚ್ಚಿಕೊಳ್ಳಬೇಕು, ಅದಕ್ಕೆ ಪೊಟ್ಯಾಷ್ ಬೇಕು. ತೆಂಗಿಗೆ ಅದರ ಜೊತೆ ಕ್ಲೋರಿನ್ ಕೂಡ ಬೇಕು. ಕರಾವಳಿ ಮರಕ್ಕೆ ಸಮುದ್ರದ ಗಾಳಿಯೇ ಕೊಡುತ್ತೆ, ನಮ್ಮ ಮರಕ್ಕೆ ನಾವೇ ಕೊಡಬೇಕು. ಎಂಒಪಿಯಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರಿನ್ನೇ. ಹಾಗಾಗಿ ಕ್ಲೋರಿನ್ ಇಲ್ಲದ ದುಬಾರಿ ಎಸ್‌ಒಪಿ (ಸಲ್ಫೇಟ್ ಆಫ್ ಪೊಟ್ಯಾಷ್) ತೆಂಗಿಗೆ ದಂಡ.

ಮೊದಲು ಡ್ರಿಪ್‌ನಲ್ಲಿ ಬಿಡೋಣ ಅಂತ ಕೆಂಪು ಎಂಒಪಿ ಡ್ರಮ್ಮಿನಲ್ಲಿ ನೆನೆಸಿದೆ. ತಳದಲ್ಲಿ ಕೆಂಪು ಗಸಿ, ಫಿಲ್ಟರ್ ಕಟ್ಟಿಕೊಂಡಿತು, ಡ್ರಿಪ್ಪರ್‌ಗಳೂ ಮುಚ್ಚಿಹೋದವು. ಲ್ಯಾಟರಲ್ (ಡ್ರಿಪ್ ಪೈಪು) ಬದಲಿಸೋಕೆ ಆರೇಳು ಸಾವಿರ ಹೋಯಿತು. ಬಿಳಿ ಎಂಒಪಿ ಚೆನ್ನಾಗಿ ಕರಗುತ್ತೆ, ಆದರೆ ನಮ್ಮ ಸೊಸೈಟಿಯಲ್ಲಿ ಸಿಗೋದು ಅಪರೂಪ. ಕೊನೆಗೆ ಹಳೇ ದಾರಿಗೇ ಬಂದೆ. ಬುಡದಿಂದ ಆರಡಿ ದೂರ ಸುತ್ತ ಕೆರೆದು ಹಾಕಿ ಮಣ್ಣು ಮುಚ್ಚೋದು.

ಹಾಕುವ ಹೊತ್ತು ಮುಖ್ಯ. ಫೆಬ್ರವರಿಯಲ್ಲಿ ಒಣ ಮಣ್ಣಿಗೆ ಸುರಿದದ್ದು ಹಾಗೇ ಬಿದ್ದಿತ್ತು, ಬೇರು ಮುಟ್ಟಲಿಲ್ಲ. ಈಗ ಮೂರನೇ ಒಂದು ಪಾಲು ಮುಂಗಾರಿನಲ್ಲಿ, ಉಳಿದದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ. ಬೇಸಿಗೆ ಬರುವ ಮೊದಲೇ ಮರದೊಳಗೆ ಸೇರಿರಬೇಕು.

2022ರಲ್ಲಿ ಎಂಒಪಿ ಚೀಲ 1,700ಕ್ಕೆ ಹೋಯಿತು. ಹಿಂದೆ ಸಾವಿರದ ಒಳಗೆ ತಂದ ನೆನಪು. ಆಗ ಉಪ್ಪಿನ ಕಡೆ ತಿರುಗಿದೆ. ಎಂಒಪಿ ಒಂದೂವರೆ ಕಿಲೋಗೆ ಇಳಿಸಿ, ಕಲ್ಲುಪ್ಪು ಒಂದು ಕಿಲೋ ಸೇರಿಸಿದೆ. ಕಿಲೋಗೆ ಏಳೆಂಟು ರೂಪಾಯಿ ಬಿತ್ತು. ಉಪ್ಪು ಪೊಟ್ಯಾಷ್‌ನ ಕೆಲಸ ಪೂರ್ತಿ ಮಾಡಲ್ಲ, ಕ್ಲೋರಿನ್ ಪಾಲನ್ನು ತುಂಬುತ್ತೆ ಅಷ್ಟೇ.

ಮುಂದಿನ ವರ್ಷ ಕೆಳಗಿನ ಗರಿಗಳು ಅಂಚಿನಿಂದ ಹಳದಿಯಾಗತೊಡಗಿದವು, ದಿಂಡಿನ ಪಕ್ಕ ಮಾತ್ರ ಹಸಿರು. ಊರಿಗೆ ಹಬ್ಬ. ಉಪ್ಪು ಮರ ತಿಂತು ಅಂದರು! ಅದು ಉಪ್ಪಿನದ್ದಲ್ಲ, ಮೆಗ್ನೀಷಿಯಂ ಕೊರತೆ. ಪೊಟ್ಯಾಷ್ ಜಾಸ್ತಿಯಾದಾಗ ಬೇರು ಮೆಗ್ನೀಷಿಯಂ ಎತ್ತೋದು ಕಡಿಮೆಯಾಗುತ್ತೆ. ಮರಕ್ಕೆ ಅರ್ಧ ಕಿಲೋ ಮೆಗ್ನೀಷಿಯಂ ಸಲ್ಫೇಟ್ ಕೊಟ್ಟೆ. ಹಳೇ ಗರಿ ಸರಿಹೋಗಲ್ಲ, ಹೊಸದು ಹಸಿರಾಗಿಯೇ ಬಂತು. ಸುಳಿ ಗರಿ ಬಿಚ್ಚದೆ ಮುದುಡಿಕೊಂಡಿದ್ದ ನಾಲ್ಕಾರು ಮರಕ್ಕೆ ಬೋರಾನ್ ಕೊರತೆ ಅಂತ ಬೋರಾಕ್ಸ್ 50 ಗ್ರಾಂ ಕೊಟ್ಟೆ. ಬೋರಾನ್ ಕೈ ಜಾರಿದರೆ ವಿಷ, ಕಣ್ಣಳತೆ ಬೇಡ, ತೂಕ ಮಾಡಿ.

  

2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರ ಅಂತ ಘೋಷಣೆಯಾದವು. ನಮ್ಮದೂ ಅದರಲ್ಲಿತ್ತು. ಬೇಲಿ ಪಕ್ಕದ ಹತ್ತು ಹನ್ನೆರಡು ಮರಕ್ಕೆ ನಾನು ಬೇಕಂತಲೇ ಏನೂ ಹಾಕಿರಲಿಲ್ಲ. 2024ರ ಬೇಸಿಗೆಯಲ್ಲಿ ಆ ಸಾಲಿನ ಗರಿ ಕೊಡೆ ಮಡಚಿದ ಹಾಗೆ ಬುಡಕ್ಕೆ ಇಳಿಬಿದ್ದವು, ಹರಳು (ಎಳೆ ಮಿಡಿಕಾಯಿ) ಬುಟ್ಟಿಗಟ್ಟಲೆ ಉದುರಿತು. ಪಕ್ಕದ ಸಾಲಲ್ಲೂ ಉದುರಿತು, ಆದರೆ ಅರ್ಧಕ್ಕಿಂತ ಕಡಿಮೆ. ನೀರು ಎರಡಕ್ಕೂ ಒಂದೇ. ನಕ್ಕವರನ್ನು ಕರೆದು ಆ ಎರಡು ಸಾಲಿನ ಮಧ್ಯೆ ನಿಲ್ಲಿಸಿದೆ, ಮಾತೇ ಬೇಕಾಗಲಿಲ್ಲ.

ತೆಂಗಿನಲ್ಲಿ ಫಲ ಕಾಣೋಕೆ ತಡ. ಹೊಂಬಾಳೆ ಮರದೊಳಗೆ ಮೂಡಿ ಹೊರಗೆ ಬರೋಕೆ ಎರಡೂವರೆ ವರ್ಷ ದಾಟುತ್ತೆ, ಕಾಯಿ ಬಲಿಯಲು ಇನ್ನೊಂದು ವರ್ಷ. ಅದಕ್ಕೇ ಜನ ಒಂದು ವರ್ಷ ಹಾಕಿ ಬಿಟ್ಟುಬಿಡ್ತಾರೆ. ನನ್ನ ಮರದಲ್ಲಿ ಮೊದಲು ಐವತ್ತು ಅರವತ್ತು ಕಾಯಿ, ಈಗ ಎಂಬತ್ತರ ಮೇಲೆ. ಬೇಲಿ ಸಾಲು ಮೂವತ್ತೂ ಇಲ್ಲ.

ಖರ್ಚು ಮರಕ್ಕೆ ಕೂಲಿ ಸೇರಿ ನೂರೈವತ್ತರ ಹತ್ತಿರ. 2023ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ, ಮನೆಯಲ್ಲಿ ಬೈಗುಳ ತಿಂದೇ ಪೊಟ್ಯಾಷ್ ತಂದೆ. 2025ರಲ್ಲಿ ಕ್ವಿಂಟಾಲಿಗೆ 20,000 ದಾಟಿದಾಗ ನನ್ನ ಅಟ್ಟದಲ್ಲಿ ಸರಕಿತ್ತು. ಬೈದವರು ಕಾಫಿ ಕೊಟ್ಟರು.

ತೇವ ಹಿಡಿದಿಡಲಿ ಅಂತ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲೆ ಮಾಡಿ ಪಾತಿಯಲ್ಲಿ ಹೂಳೋದು ಎಲ್ಲರಿಗೂ ಗೊತ್ತು. ಹೂಳುವ ಮುಂಚೆ ಅದಕ್ಕೆ ನಾನೊಂದು ಮಾಡುತ್ತೇನೆ, ಅದನ್ನು ಸದ್ಯ ಹೇಳಲ್ಲ. ಇನ್ನೆರಡು ಬೇಸಿಗೆ ನೋಡಬೇಕು.

ಎರೆ ಮಣ್ಣಿದ್ದವರು, ಬೋರಿನ ನೀರು ಸವಳಾಗಿರುವವರು ಉಪ್ಪು ಮುಟ್ಟಬೇಡಿ, ಸೋಡಿಯಂ ಸೇರಿ ಮಣ್ಣು ಗಟ್ಟಿಯಾಗುತ್ತೆ. ಮೊದಲು ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಚಿಕ್ಕ ಸಸಿಗೂ ಬೇಡ. ಫಸಲಿಗೆ ಬಂದ ಮರಕ್ಕೆ, ಅದೂ ಅರ್ಧ ಕಿಲೋದಿಂದ ಶುರು ಮಾಡಿ, ಮತ್ತೆ ಒಂದು ಸಾಲು ಏನೂ ಹಾಕದೆ ಬಿಡಿ.